ಸ್ಕಾರ್‌ಬರೋದಲ್ಲಿ ಗಿರಿಜವ್ವ

ಅವ್ವನನ್ನು ಇನ್ನು ನೀನೇ ಕರೆದುಕೊಂಡು ಹೋಗು ಎಂದು ದಾನವ್ವ ತಮ್ಮನಿಗೆ ಹೇಳಿದ್ದು ಸಿಟ್ಟಿನಲ್ಲಲ್ಲ. ನವಲಗುಂದದ ತನ್ನ ಅಡುಗೆಮನೆಯಲ್ಲಿ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತ, ನಡುನಡುವೆ ಹೆಂಚಿನ ಕಡೆ ತಿರುಗುತ್ತ ಹೇಳಿದ್ದಳು. ಅಪ್ಪ ತೀರಿಕೊಂಡಾಗಿನಿಂದ ಗಿರಿಜವ್ವ ಮಗಳ ಮನೆಯಲ್ಲೇ ಇದ್ದಳು. ಅದು ಯಾರಿಗೂ ಭಾರವೆನಿಸಿರಲಿಲ್ಲ. ಆದರೆ ಹೋದ ವರ್ಷ ದಾನವ್ವನ ಗಂಡನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಅದೇ ಮಳೆಗಾಲದಲ್ಲಿ ಗಿರಿಜವ್ವ ಬಚ್ಚಲಲ್ಲಿ ಜಾರಿ ಸೊಂಟ ನೋಯಿಸಿಕೊಂಡಳು.

"ಇಬ್ಬರನ್ನ ಎತ್ತಿ ಕುಂದ್ರಸಾಕ ನನ್ನ ರಟ್ಟ್ಯಾಗ ಕಸುವು ಉಳಿದಿಲ್ಲ, ತಮ್ಮಾ," ಎಂದಳು ದಾನವ್ವ. "ಇಷ್ಟ ವರ್ಷ ನಾ ನೋಡೀನಿ. ಇನ್ನ ನೀ ನೋಡು."

ಬಸವೇಶನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಲ್ಲವೆನ್ನುವ ಮನಸ್ಸೂ ಇರಲಿಲ್ಲ. ಕೆನಡಾದಲ್ಲಿ, ಟೊರೊಂಟೊದ ಅಂಚಿನ ಸ್ಕಾರ್‌ಬರೋದಲ್ಲಿ ಅವನಿಗೆ ಸ್ವಂತ ಮನೆಯಿತ್ತು. ಬೋಲ್ಟನ್ನಿನ ಒಂದು ದೊಡ್ಡ ಗೋದಾಮಿನಲ್ಲಿ ಸಾಮಾನು ಸಾಗಿಸುವ ಬೆಲ್ಟುಗಳನ್ನು ಕೆಡದಂತೆ ನೋಡಿಕೊಳ್ಳುವ ಎಂಜಿನಿಯರ್ ಕೆಲಸವಿತ್ತು. ಹೆಂಡತಿ ದ್ರಾಕ್ಷಾಯಿಣಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿಗೆ ಕೂರುತ್ತಿದ್ದಳು. ಮಗಳು ನಿಶಿತಾ ಒಂಬತ್ತನೇ ಗ್ರೇಡು. ಅಜ್ಜಿಯನ್ನು ಅವಳು ಹೆಚ್ಚಾಗಿ ಕಂಡದ್ದು ಫೋನಿನ ಪರದೆಯಲ್ಲೇ. ಅದರಲ್ಲೂ ಅಜ್ಜಿಯ ಹಣೆ, ವಿಭೂತಿ ಮತ್ತು ಮೇಲಿನ ಫ್ಯಾನು ಮಾತ್ರ ಕಾಣುತ್ತಿದ್ದವು.

ವೀಸಾ ಕೈಗೆ ಬಂದ ದಿನದಿಂದ ದ್ರಾಕ್ಷಾಯಿಣಿ ಕೆಳಗಿನ ಕೋಣೆಯನ್ನು ಅಣಿಗೊಳಿಸತೊಡಗಿದಳು. ಅಲ್ಲಿದ್ದ ಕಂಪ್ಯೂಟರಿನ ಮೇಜು ಬೇಸ್‌ಮೆಂಟಿಗೆ ಹೋಯಿತು. ಬಚ್ಚಲಲ್ಲಿ ಹಿಡಿದುಕೊಳ್ಳಲು ಉಕ್ಕಿನ ಹಿಡಿಕೆಗಳು ಬಂದವು. ಲಿಂಗಪೂಜೆಗೆ ಕೂರಲು ನೆಲದ ಮೇಲೆ ಆಗದು ಎಂದು ಕುರ್ಚಿಯ ಎತ್ತರಕ್ಕೆ ಸರಿಯಾಗುವ ಸಣ್ಣ ಪೀಠವೊಂದನ್ನು ಗಂಡನಿಂದ ಮಾಡಿಸಿದಳು. ಅತ್ತೆಯೊಡನೆ ಅವಳು ಬಾಳಿದ್ದು ಮದುವೆಯಾದ ಹೊಸದರಲ್ಲಿ ಕೆಲವೇ ತಿಂಗಳು. ಆಗ ಇಬ್ಬರಿಗೂ ಅಷ್ಟೇನೂ ಹೊಂದಿಕೆಯಾಗಿರಲಿಲ್ಲ. ಈಗ ಮಾತ್ರ, ಯಾಕೋ ಏನೋ, ಮನೆಗೊಬ್ಬ ಹಿರಿಯಳು ಬರುತ್ತಾಳೆಂಬುದೇ ಅವಳಿಗೆ ಹಿತವಾಗಿತ್ತು. ಕ್ಲಿನಿಕ್ಕಿನಲ್ಲಿ ಬಂದವರಿಗೆಲ್ಲ ಹೇಳಿಕೊಂಡಳು.

ಬಸವೇಶ ಜನವರಿಯಲ್ಲಿ ಊರಿಗೆ ಹೋದ. ಒಂದೇ ಏಟಿಗೆ ಅಷ್ಟು ಹೊತ್ತು ಕೂತರೆ ಅವ್ವನ ಕಾಲು ಬಾವು ಬರುತ್ತದೆಂದು, ದಾರಿ ಸುತ್ತಾದರೂ ನಡುವೆ ಅರ್ಧ ದಿನ ಬಿಡುವು ಸಿಗುವ ಹಾಗೆ ಕ್ವಾಲಾಲಂಪುರದ ಮೇಲೆ ಹೋಗುವ ಟಿಕೆಟು ಮಾಡಿಸಿದ್ದ. ನವಲಗುಂದದಿಂದ ಹೊರಡುವಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ದಾನವ್ವ ಅವರ ಯಾರ ಮುಖವನ್ನೂ ನೋಡದೆ, ಚೀಲ ಸರಿಯಾಗಿ ಇಡಲಿಲ್ಲವೆಂದು ಟ್ಯಾಕ್ಸಿಯವನನ್ನು ಬೈಯುತ್ತಿದ್ದಳು. ಗಿರಿಜವ್ವ ಅಳಿಯನ ಹಾಸಿಗೆಯ ಹತ್ತಿರ ಹೋಗಿ ಅವನ ಸೋತ ಕೈ ಮುಟ್ಟಿ ಬಂದಳು. ಮಗಳ ತಲೆ ಸವರಿದಳು. ಗಾಡಿ ತಿರುವಿನಲ್ಲಿ ಮರೆಯಾಗುವತನಕ ಅವಳೂ ಹಿಂದೆ ತಿರುಗಲಿಲ್ಲ.

ಕ್ವಾಲಾಲಂಪುರದಲ್ಲಿ ಇಳಿದಾಗ ಬೆಳಿಗ್ಗೆ. ಅಂದು ತೈಪೂಸಂ. ಹಬ್ಬವಿದೆಯೆಂದು ಬಸವೇಶನಿಗೆ ಮೊದಲೇ ಗೊತ್ತಿರಲಿಲ್ಲ. ಟ್ಯಾಕ್ಸಿಯ ತಮಿಳನೇ ಹೇಳಿದ: ಊರಿಗೆ ಊರೇ ಬಾತು ಎಂಬ ಗುಹೆಯ ದೇವಸ್ಥಾನದ ಕಡೆ ಹೊರಟಿದೆ, ಮುರುಗನಿಗೆ ಹರಕೆ ಹೊತ್ತವರು ಮೈಗೆಲ್ಲ ಶೂಲ ಚುಚ್ಚಿಕೊಂಡು ಮೆಟ್ಟಿಲು ಹತ್ತುತ್ತಾರೆ, ಇದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಬೆಂಗಳೂರಿನಲ್ಲಿ ಓದುವಾಗ ಕಲಿತ ತಮಿಳು ಬಸವೇಶನಿಗೆ ಅಲ್ಪಸ್ವಲ್ಪ ಉಳಿದಿತ್ತು. ಕೇಳುತ್ತ ಕೇಳುತ್ತ ಅವನಿಗೆ ಆಸೆಯಾಯಿತು. ಗಿರಿಜವ್ವನಿಗೆ ಎಲ್ಲಾದರೂ ಅಡ್ಡಾಗಿದ್ದರೆ ಸಾಕಾಗಿತ್ತು. ಹೋಟೆಲ್ಲಿನಲ್ಲಿ ಮಲಗಿ ಏಳಲು ಇಷ್ಟು ದೂರ ಬರಬೇಕೇ ಎಂದ ಮಗ. ಆಯಿತು, ನಿನ್ನ ಮನಸ್ಸು ಎಂದಳು ತಾಯಿ.

ಜನ ಎಂದರೆ ಜನ. ಬಂಗಾರದ ಬಣ್ಣದ ಆಳೆತ್ತರವಲ್ಲ, ಆಕಾಶದೆತ್ತರದ ಮುರುಗ. ಅವನ ಪಕ್ಕದಲ್ಲಿ ಬಣ್ಣಬಣ್ಣದ ಕಡಿದಾದ ಮೆಟ್ಟಿಲು. ತಮಟೆಯ ಸದ್ದು ಎದೆಗೆ ಬಂದು ಹೊಡೆಯುತ್ತಿತ್ತು. ಹಳದಿ ಸೀರೆಯ ಹೆಂಗಸರು ತಲೆಯ ಮೇಲೆ ಹಾಲಿನ ಕೊಡ ಹೊತ್ತು ಸಾಗುತ್ತಿದ್ದರು. ಕೆನ್ನೆಯಿಂದ ಕೆನ್ನೆಗೆ ಸಲಾಕೆ ಹಾಯಿಸಿಕೊಂಡ ಗಂಡಸರು, ಬೆನ್ನಿಗೆ ಕೊಕ್ಕೆಗಳನ್ನು ಸಿಕ್ಕಿಸಿಕೊಂಡ ಹುಡುಗರು, ನವಿಲುಗರಿಯ ಎತ್ತರದ ಕಾವಡಿ ಹೊತ್ತು ಕುಣಿಯುವವರು. ಬಿಸಿಲು ಆಗಲೇ ಏರಿತ್ತು. ನೀರು, ಮಜ್ಜಿಗೆ ಹಂಚುವ ಒಂದು ಚಪ್ಪರದ ಕೆಳಗೆ ಬಸವೇಶ ತಾಯಿಗೊಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ಕೂರಿಸಿದ.

ಗಿರಿಜವ್ವ ಸುಮಾರು ಹೊತ್ತು ನೋಡಿದಳು. ಅವಳಿಗಿಂತ ಹತ್ತು ಹೆಜ್ಜೆ ಆಚೆಗೆ, ಇಪ್ಪತ್ತರ ಹುಡುಗನೊಬ್ಬ ನಾಲಿಗೆಗೆ ಶೂಲ ಚುಚ್ಚಿಸಿಕೊಂಡು ಕಣ್ಣು ಮೇಲೆ ಮಾಡಿ ನಿಂತಿದ್ದ.

"ಇವನ ಅವ್ವ ಇಲ್ಲೇ ನಿಂತು ನೋಡಾಕತ್ತಾಳೇನು ಇದನ್ನ?" ಎಂದು ಕೇಳಿದಳು.

ಇರಬಹುದು, ಹರಕೆ ಹೊತ್ತವಳು ಅವಳೇ ಇರಬಹುದು ಎಂದ ಬಸವೇಶ. ನಿಶಿತಾಗೆ ತೋರಿಸಲು ಹತ್ತಿರದಿಂದ ವಿಡಿಯೋ ಮಾಡಿಕೊಂಡು ಬರುತ್ತೇನೆ, ಐದೇ ನಿಮಿಷ ಎಂದ.

"ನೋಡಿ ಬಾ. ನಾ ಇಲ್ಲೇ ಕುಂತಿರ್ತೀನಿ."

ಐದು ನಿಮಿಷ ಎಂದವನು ಮೆಟ್ಟಿಲಿನ ಬುಡದವರೆಗೂ ಹೋದ. ಹಿಂದೆ ಬರಲು ಜನ ಬಿಡಲಿಲ್ಲ. ಅಂತೂ ನುಸುಳಿಕೊಂಡು ಚಪ್ಪರಕ್ಕೆ ಬಂದಾಗ ಗಿರಿಜವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಂಬಕ್ಕೆ ಒರಗಿದ್ದಳು. ನಿದ್ದೆ ಹತ್ತಿದೆ, ಇನ್ನೊಂದಿಷ್ಟು ಮಲಗಲಿ ಎಂದು ಬಸವೇಶ ಪಕ್ಕದಲ್ಲೇ ನಿಂತು ಮಾಡಿದ ವಿಡಿಯೋಗಳನ್ನು ನೋಡಿದ. ಮಜ್ಜಿಗೆ ಹಂಚುತ್ತಿದ್ದ ಹೆಂಗಸು ಬಂದು ಅಜ್ಜಿಯ ಭುಜ ಮುಟ್ಟಿದಳು. ಆಮೇಲೆ ಅವಳೇ ಗಟ್ಟಿಯಾಗಿ ಯಾರನ್ನೋ ಕರೆದಳು. ಅಂಬುಲೆನ್ಸು ಆ ಜಂಗುಳಿಯಲ್ಲಿ ದಾರಿ ಮಾಡಿಕೊಂಡು ಬರುವಾಗ ಎಲ್ಲ ಮುಗಿದುಹೋಗಿತ್ತು.

ಆಸ್ಪತ್ರೆಯಿಂದ ಬಸವೇಶ ಅಕ್ಕನಿಗೆ ಫೋನು ಮಾಡಿದ. ಅವ್ವನನ್ನು ಊರಿಗೆ ತಾ, ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಇಡೋಣ ಎಂದಳು ದಾನವ್ವ. ಬಸವೇಶ ಪ್ರಯತ್ನಿಸಿದ. ಅಂದು ಸರಕಾರಿ ರಜೆ, ಕಚೇರಿಗಳ ಫೋನು ಬಾರಿಸುತ್ತಲೇ ಇದ್ದವು. ವಿಮಾನದಲ್ಲಿ ಕಳಿಸಬೇಕಾದರೆ ದೇಹ ಕೆಡದಂತೆ ಔಷಧ ತುಂಬಬೇಕು, ಕೊಯ್ಯಬೇಕಾಗುತ್ತದೆ, ಕಾಗದಪತ್ರವೆಲ್ಲ ಸೇರಿ ವಾರದ ಮೇಲಾಗಬಹುದು ಎಂದು ಆಸ್ಪತ್ರೆಯವರು ಹೇಳಿದರು. ಅವ್ವ ಆಸ್ಪತ್ರೆ, ಕತ್ತರಿ, ಸೂಜಿ ಎಂದರೆ ಹೆದರುವವಳು. ಸತ್ತ ಮೇಲೆ ನನ್ನನ್ನು ಯಾರೂ ಕೊಯ್ಯಬಾರದು, ಸುಡಬಾರದು, ಮಣ್ಣಿಗೆ ಇಡಿರಿ ಎಂದು ಹಲವು ಸಲ ಹೇಳಿದ್ದಳು. ಇದನ್ನೆಲ್ಲ ಬಸವೇಶ ನೆನೆದ. ಆದರೆ ಅದೇ ಕೌಂಟರಿನ ಮುಂದೆ ನಿಂತಾಗ ಅವನಿಗೆ ಸೋಮವಾರವೂ ನೆನಪಾಯಿತು. ಸೋಮವಾರ ಬೋಲ್ಟನ್ನಿನಲ್ಲಿ ಹೊಸ ಲೈನು ಶುರುವಾಗುವುದಿತ್ತು. ಅವನಿಲ್ಲದೆ ಆಗುವ ಕೆಲಸವಲ್ಲ. ಇಲ್ಲೇ ಮಣ್ಣು ಮಾಡಿಬಿಡುತ್ತೇನೆ ಎಂದು ಅವನು ತೀರ್ಮಾನಿಸಿದ್ದು ಅವ್ವನ ಮಾತಿಗೋ ಸೋಮವಾರಕ್ಕೋ ಎಂಬುದು ಅವನಿಗೇ ಕೊನೆಯತನಕ ಬಗೆಹರಿಯಲಿಲ್ಲ.

ಅಪ್ಪಣೆ ಸಿಕ್ಕಿ ದೇಹ ಕೈಗೆ ಬರುವಷ್ಟರಲ್ಲಿ ಶನಿವಾರವಾಯಿತು. ಅಂತ್ಯಕ್ರಿಯೆ ಮಾಡಿಸುವ ಪಳನಿವೇಲು ಎಂಬ ಮುದುಕ ಬಿಲ್ವಪತ್ರೆ, ವಿಭೂತಿ ಎಲ್ಲ ಒದಗಿಸಿಕೊಟ್ಟ. ನಮ್ಮವರನ್ನು ಪದ್ಮಾಸನದಲ್ಲಿ ಕೂರಿಸಿ ಸಮಾಧಿ ಮಾಡುತ್ತಾರೆ ಎಂದು ಬಸವೇಶ ವಿವರಿಸಿದ. ಪಳನಿವೇಲು ದೇಹವನ್ನು ನೋಡಿ ಆಗದೆಂದು ತಲೆಯಾಡಿಸಿದ. ಎರಡು ದಿನ ತಣ್ಣನೆಯ ಪೆಟ್ಟಿಗೆಯಲ್ಲಿದ್ದ ಕಾಲುಗಳನ್ನು ಮಡಿಸುವಂತಿರಲಿಲ್ಲ. ಅಷ್ಟು ಅಗಲದ ಗುಂಡಿಗೂ ಅಲ್ಲಿ ಜಾಗವಿರಲಿಲ್ಲ. ಗಿರಿಜವ್ವನ ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಹಾಗೇ ಉದ್ದಕ್ಕೆ ಮಲಗಿಸಿ ಮಣ್ಣು ಎಳೆದರು. ಓಂ ನಮಃ ಶಿವಾಯ ಎನ್ನಲು ಅವನೊಬ್ಬನೇ ಇದ್ದ.

ಕುಂದ್ರಿಸಿ ಮಾಡಿದಿ ಹೌದಲ್ಲೋ ಎಂದು ದಾನವ್ವ ಕೇಳಿದಾಗ ಹೂಂ ಎಂದ. ಆ ಹೂಂ ಅನ್ನು ಅವನು ಇವತ್ತಿನವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಆಗಲೇ ದಾನವ್ವ ಇನ್ನೊಂದು ಮಾತು ಹೇಳಿದಳು.

"ಊರಾಗ ನಾ ಯಾರಿಗೂ ಹೇಳಿಲ್ಲ, ಬಸು. ಅವ್ವ ನಿನ್ನ ಮನಿ ಮುಟ್ಟ್ಯಾಳ ಅಂತ ಹೇಳೀನಿ. ನೀನೂ ಹಂಗ ಹೇಳು."

"ಅಕ್ಕಾ, ಅದು ಹ್ಯಾಂಗ ಆಗತೈತಿ?"

"ಮಗಳು ಹೊರಗ ಹಾಕಿದ್ಲು, ಮುದುಕಿ ದಾರ್ಯಾಗ ಬಿದ್ದು ಸತ್ಲು ಅಂತಾರೋ. ನೀ ಅಲ್ಲಿರಾಂವ. ನಾ ಇದ ಓಣ್ಯಾಗ ಇರಾಕಿ." ಅವಳ ದನಿ ಏರಲಿಲ್ಲ. "ಸ್ವಲ್ಪ ದಿನ ಹೋಗ್ಲಿ. ಆಮ್ಯಾಲ ಮಗನ ಮನ್ಯಾಗ ಹೋದ್ಲು ಅಂದ್ರಾತು."

ಟೊರೊಂಟೊದಲ್ಲಿ ವಿಮಾನ ನಿಂತಾಗ, ಬಾಗಿಲಲ್ಲೇ ಗಾಲಿಕುರ್ಚಿ ಹಿಡಿದು ಒಬ್ಬಳು ಕಾಯುತ್ತಿದ್ದಳು. ಕೈಯಲ್ಲಿದ್ದ ಪರದೆಯಲ್ಲಿ ಗಿರಿಜವ್ವನ ಹೆಸರಿತ್ತು. ಟಿಕೆಟು ಬದಲಿಸುವಾಗ ಅದೊಂದನ್ನು ತೆಗೆಸಲು ಮರೆತಿದ್ದ. ಆಕೆ ಬರುವುದಿಲ್ಲ ಎಂದ ಬಸವೇಶ. ಮುಂದಿನ ವಿಮಾನಕ್ಕೆ ಬರುತ್ತಾರೋ ಎಂದು ಕೇಳಿದಳು. ಇಲ್ಲ ಎಂದು ಮುಂದೆ ನಡೆದ. ಹೊರಗೆ ದ್ರಾಕ್ಷಾಯಿಣಿ ಕಾಯುತ್ತಿದ್ದಳು. ಸ್ಕಾರ್‌ಬರೋ ಮುಟ್ಟುವತನಕ ಅವಳೇ ಗಾಡಿ ಓಡಿಸಿದಳು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಊರಿಗೆ ಹೇಳಿದಿರಾ ಎಂದು ಕೇಳಿದಳು. ಅವನು ಅಕ್ಕನ ಮಾತನ್ನು ತಿಳಿಸಿದ. ಹೆಂಡತಿ ಒಲ್ಲೆ ಎನ್ನುತ್ತಾಳೆಂದು ಅವನು ಎಣಿಸಿದ್ದ. ಅವಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟು, ನಿಮ್ಮ ಅಕ್ಕ, ನಿಮ್ಮ ಅವ್ವ, ನೀವುಂಟು ಅವರುಂಟು ಎಂದಳು.

ಸೋಮವಾರ ಅವನು ಕೆಲಸಕ್ಕೆ ಹೋದ. ಗೋದಾಮಿನಲ್ಲಿ ಎಲ್ಲರೂ ಸಹಿ ಮಾಡಿದ ಸಂತಾಪದ ಕಾರ್ಡು ಕೊಟ್ಟರು. ಅದನ್ನು ಅವನು ಮನೆಗೆ ತರಲಿಲ್ಲ, ಲಾಕರಿನಲ್ಲೇ ಇಟ್ಟ.

ಮೊದಲ ಫೋನು ಬಂದದ್ದು ಸೋದರಮಾವ ಸಿದ್ದಲಿಂಗಪ್ಪನಿಂದ. ಗಿರಿಜವ್ವನ ಬೆನ್ನಿಗೆ ಹುಟ್ಟಿದ ತಮ್ಮ, ಅಣ್ಣಿಗೇರಿಯವನು, ಕಿವಿ ಮಂದ. ಅಕ್ಕನಿಗೆ ಫೋನು ಕೊಡು ಎಂದ. ಮಲಗಿದ್ದಾಳೆ, ಇಲ್ಲಿ ಹಗಲು ರಾತ್ರಿ ತಿರುಗಾಮುರುಗಾ, ಇನ್ನೂ ಒಗ್ಗಿಲ್ಲ ಎಂದ ಬಸವೇಶ. ಮುಂದಿನ ವಾರ ಸ್ನಾನಕ್ಕೆ ಹೋಗಿದ್ದಳು. ಅದರ ಮುಂದಿನ ವಾರ ದ್ರಾಕ್ಷಾಯಿಣಿಯ ಜೊತೆ ಹೊರಗೆ ಹೋಗಿದ್ದಳು. ಮಾವನಿಗೆ ಹೇಗೂ ಫೋನಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಅಕ್ಕ ಆರಾಮ ಇದ್ದಾಳೆಂದರೆ ಅವನಿಗೆ ಸಾಕು. ಹಿಮ ನೋಡಿ ಏನೆಂದಳು ಎಂದು ಕೇಳಿದ. ಹಿಂಜಿದ ಅರಳೆ ಹಾಗೆ ಐತಿ ಅಂದಳು ಎಂದ ಬಸವೇಶ. ಮಾವ ಅದನ್ನು ಎರಡು ಸಲ ಹೇಳಿಸಿಕೊಂಡು ನಕ್ಕ. ಹೌದು, ಅಕ್ಕ ಹಾಗೇ ಅನ್ನುವವಳು ಎಂದ.

ಸುಳ್ಳು ಮೊದಲು ನಾಲಿಗೆಗೆ ಒರಟಾಗಿತ್ತು. ಬರಬರುತ್ತ ನುಣ್ಣಗಾಯಿತು. ಗಿರಿಜವ್ವ ಕಿಟಕಿಯ ಬಳಿ ಕೂತು ಅಳಿಲು ನೋಡುತ್ತಾಳೆ, ಅವು ಇಲ್ಲಿ ಕಪ್ಪು. ಬಸ್ಸಿನಲ್ಲಿ ಕೂರುವುದೆಂದರೆ ಅವಳಿಗೆ ಇಷ್ಟ, ಹತ್ತಲು ಸುಲಭವಾಗಲೆಂದು ಬಸ್ಸೇ ಅವಳ ಕಡೆ ಬಗ್ಗುತ್ತದೆ. ನಿಶಿತಾಗೆ ಕಸೂತಿ ಕಲಿಸುತ್ತಿದ್ದಾಳೆ. ಸೊಂಟ ಈಗ ಅಡ್ಡಿಯಿಲ್ಲ, ಬಿಸಿನೀರಿನ ಚೀಲ ಇಡುತ್ತೇವೆ. ಹೀಗೆ ಹೇಳುವಾಗ ಬಸವೇಶನಿಗೆ ಕೆಲವೊಮ್ಮೆ ತಾನು ಹೇಳುತ್ತಿರುವುದು ಸುಳ್ಳೆಂಬುದೇ ಮರೆಯುತ್ತಿತ್ತು. ಇವೆಲ್ಲ ಅವನೂ ಹೆಂಡತಿಯೂ ಅವಳಿಗಾಗಿ ಮನಸ್ಸಿನಲ್ಲಿ ಮೊದಲೇ ಹಾಕಿಕೊಂಡಿದ್ದ ಯೋಚನೆಗಳು. ಫೋನು ಇಟ್ಟ ಮೇಲೆ ಕೆಳಗಿನ ಕೋಣೆಯ ಮುಚ್ಚಿದ ಬಾಗಿಲು ಕಾಣುತ್ತಿತ್ತು.

ಒಮ್ಮೆ ಅವನು ಗಾಡಿಯ ಹಿಮ ತೆಗೆಯುತ್ತಿದ್ದಾಗ ಮಾವನ ಫೋನನ್ನು ನಿಶಿತಾ ಎತ್ತಿದಳು. ಅವಳು ಏನು ಹೇಳಿದಳೋ ಬಸವೇಶನಿಗೆ ಹೊರಗೆ ಕೇಳಿಸಲಿಲ್ಲ. ಅವನು ಒಳಗೆ ಬಂದಾಗ ಫೋನನ್ನು ಕೈಗೆ ತುರುಕಿ, "ಐ ಸೆಡ್ ಶೀ ಈಸ್ ಸ್ಲೀಪಿಂಗ್. ಡೋಂಟ್ ಮೇಕ್ ಮಿ ಡು ಇಟ್ ಅಗೇನ್," ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ದಾನವ್ವ ಮಾತ್ರ ದಿನವೂ ಫೋನು ಮಾಡುತ್ತಿದ್ದಳು. ಅವಳ ಸಂಜೆ, ಇವನ ಬೆಳಿಗ್ಗೆ. ಬಾಜೂ ಮನೆಯ ಹೆಂಗಸರು ಕಟ್ಟೆಗೆ ಬಂದು ಕೂರುವ ಹೊತ್ತು ಅದು. ಅವ್ವ ಹೇಗಿದ್ದಾಳೆ, ಏನು ಉಂಡಳು ಎಂದು ಅವಳು ಗಟ್ಟಿಯಾಗಿ ಕೇಳುವುದು ಅವರ ಕಿವಿಗೆಂದು ಬಸವೇಶ ತಿಳಿದಿದ್ದ. ಅವನೂ ಅದಕ್ಕೆ ತಕ್ಕ ಹಾಗೆ ಉತ್ತರ ಕೊಡುತ್ತಿದ್ದ. ಒಂದು ದಿನ ಆ ಕಡೆ ಎಂದಿನ ಗದ್ದಲ ಕೇಳಿಸಲಿಲ್ಲ.

"ಇವತ್ತ ಅವ್ವ ಏನ್ ಉಂಡ್ಲು?" ಎಂದಳು ದಾನವ್ವ.

"ಅಕ್ಕಾ, ಬಾಜೂಕ ಯಾರರ ಅದಾರೇನು?"

"ಯಾರೂ ಇಲ್ಲ. ಎಲ್ಲಾರೂ ಮಠಕ್ಕ ಹೋಗ್ಯಾರ. ನೀ ಹೇಳು."

ಬಸವೇಶ ಅಡುಗೆಮನೆಯ ಕುರ್ಚಿಯಲ್ಲಿ ಕೂತ. "ನುಚ್ಚು ಮಜ್ಜಿಗಿ ಉಂಡ್ಲು," ಎಂದ.

"ಹಲ್ಲಿಲ್ಲ ಆಕಿಗೆ. ಮೆತ್ತಗ ಕುದಿಸಾಕ ಹೇಳು ದ್ರಾಕ್ಷಾಯಿಣಿಗೆ."

"ಹೇಳ್ತೀನಿ."

"ತಣ್ಣೀರಾಗ ಕೈ ಹಾಕಾಕ ಬಿಡಬ್ಯಾಡ್ರಿ," ಎಂದು ಫೋನಿಟ್ಟಳು.

ಅವತ್ತಿನಿಂದ ಯಾರು ಇರಲಿ ಬಿಡಲಿ ಅವಳು ಕೇಳುತ್ತಿದ್ದಳು, ಇವನು ಹೇಳುತ್ತಿದ್ದ. ಅವ್ವ ಸತ್ತ ಸುದ್ದಿ ಕೇಳಿದಾಗ ಅಕ್ಕ ಅತ್ತಿರಲಿಲ್ಲ ಎಂಬುದು ಬಸವೇಶನಿಗೆ ನೆನಪಾಯಿತು. ತಾನೂ ಅತ್ತಿರಲಿಲ್ಲ.

ಶಿವರಾತ್ರಿಗೆ ಹತ್ತಿರದ ಊರು ವಿಟ್ಬಿಯ ಕೃಷ್ಣಮೂರ್ತಿಯವರ ಮನೆಯಲ್ಲಿ ಪೂಜೆ. ಅವರು ಮೈಸೂರಿನವರು, ಎಪ್ಪತ್ತರ ದಶಕದಲ್ಲೇ ಬಂದು ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ವರ್ಷಕ್ಕೊಮ್ಮೆ ಸುತ್ತಮುತ್ತಲಿನ ಕನ್ನಡದವರನ್ನೆಲ್ಲ ಕರೆಯುತ್ತಿದ್ದರು. ದ್ರಾಕ್ಷಾಯಿಣಿಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ ಎಂದು ಬಸವೇಶನೇ ಹೊರಡಿಸಿದ. ಈ ಊರಿನಲ್ಲಿ ಕೆಲವರಿಗೆ ವಿಷಯ ಗೊತ್ತಿತ್ತು, ಕೆಲವರಿಗೆ ಇರಲಿಲ್ಲ. ಗೊತ್ತಿರುವವರು ಬಂದು ಕೈ ಹಿಡಿದುಕೊಂಡು ಸುಮ್ಮನೆ ಹೋದರು. ಪೂಜೆ ಮುಗಿದು ಎಲ್ಲ ಹೊರಡುವ ಹೊತ್ತಿಗೆ ಕೃಷ್ಣಮೂರ್ತಿಯವರ ಹೆಂಡತಿ ಅರುಂಧತಿ ಬಾಗಿಲಲ್ಲಿ ನಿಂತು ಕೇಳಿದರು.

"ನಿಮ್ಮ ತಾಯಿ ಬರ್ತಾರೆ ಅಂದಿದ್ರಿ ಅಲ್ವೇನಪ್ಪ, ಬಂದ್ರಾ?"

ನಿಜ ಹೇಳಲು ಏನೂ ಅಡ್ಡಿಯಿರಲಿಲ್ಲ. ನವಲಗುಂದದ ಓಣಿಗೂ ಅರುಂಧತಿಗೂ ಯಾವ ನಂಟೂ ಇಲ್ಲ. ಬಸವೇಶ, "ಬಂದಾರ್ರಿ. ಥಂಡಿಗೆ ಹೊರಗ ಬರೂದಿಲ್ಲ, ಮನ್ಯಾಗದಾರ," ಎಂದ.

ಅರುಂಧತಿಗೆ ಖುಷಿಯಾಯಿತು. ಪಾಪ, ವಯಸ್ಸಾದವರು, ಈ ಚಳಿಯಲ್ಲಿ ಎಲ್ಲಿ ಬರುತ್ತಾರೆ ಎಂದು ಒಳಗೆ ಹೋಗಿ, ತಂಬಿಟ್ಟಿನ ಉಂಡೆಗಳನ್ನು ಡಬ್ಬಿಗೆ ತುಂಬಿ ತಂದು ದ್ರಾಕ್ಷಾಯಿಣಿಯ ಕೈಯಲ್ಲಿಟ್ಟರು. ಅತ್ತೆಯವರಿಗೆ ಕೊಡಮ್ಮ, ಹಲ್ಲಿಗೆ ಗಟ್ಟಿಯಾದರೆ ಹಾಲಲ್ಲಿ ನೆನೆಸಿ ಕೊಡು, ಬಿಸಿಲು ಬಂದ ಮೇಲೆ ನಾನೇ ಬಂದು ನೋಡುತ್ತೇನೆ ಎಂದರು. ದ್ರಾಕ್ಷಾಯಿಣಿ ಆಗಲಿ ಎಂದು ಡಬ್ಬಿ ತೆಗೆದುಕೊಂಡಳು.

ಫೋರ್ ನಾಟ್ ಒನ್ ಹೈವೇಗೆ ಬಂದ ಮೇಲೆ ಅವಳು ಬಾಯಿ ಬಿಟ್ಟಳು.

"ಊರಾಗ ನಿಮ್ಮ ಅಕ್ಕನ ಸಲುವಾಗಿ ಸುಳ್ಳು ಹೇಳಿದ್ರಿ. ತಿಳೀತು. ಇಲ್ಲಿ ಯಾರ ಸಲುವಾಗಿ ಹೇಳಿದ್ರಿ?"

ಬಸವೇಶ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

"ದಿನಾ ಮುಂಜಾನೆ ನೀವು ಆಕಿ ಉಂಡದ್ದು ಮಲಗಿದ್ದು ಹೇಳೂದನ್ನ ಕೇಳ್ತೀನಿ. ಮೂಲ್ಯಾಗ ಯಾರೋ ಕುಂತಂಗ ಆಗತೈತಿ ನನಗ. ನನಗೂ ಆಕಿ ಬೇಕಾಗಿದ್ಲು. ಆಕಿಗಂತ ಕೆಳಗಿನ ಕ್ವಾಣಿ ತಯಾರ ಮಾಡಿದಾಕಿ ನಾ." ಮಡಿಲಲ್ಲಿದ್ದ ತಂಬಿಟ್ಟಿನ ಡಬ್ಬಿಯನ್ನು ಅವಳು ಕಾಲ ಬಳಿ ಇಟ್ಟಳು. "ಆಕಿನ್ನ ಕಳಿಸಿಕೊಡ್ರಿ ಇನ್ನ. ಸಾಕು."

ಹಿಂದಿನ ಸೀಟಿನಲ್ಲಿ ನಿಶಿತಾ ಕಿವಿಗೆ ಹಾಡು ಹಾಕಿಕೊಂಡು ಕೂತಿದ್ದಳು. ಹಾಡು ನಡೆಯುತ್ತಿತ್ತೋ ಇಲ್ಲವೋ ಹೇಳಲಾಗದು. ಮರುದಿನ ಬೆಳಿಗ್ಗೆ ಬಸವೇಶ ಕೆಳಗೆ ಬಂದಾಗ ಅವಳು ಅಡುಗೆಮನೆಯ ಮೇಜಿನಲ್ಲಿ ಆ ಡಬ್ಬಿ ತೆರೆದುಕೊಂಡು ತಂಬಿಟ್ಟು ತಿನ್ನುತ್ತಿದ್ದಳು. ಬೆಲ್ಲದ ಸಿಹಿ ಅವಳಿಗೆ ಸೇರದು. ಒಂದಾದ ಮೇಲೊಂದು ತಿನ್ನುತ್ತಿದ್ದಳು. ಅಪ್ಪ ನಿಂತು ನೋಡುತ್ತಿರುವುದು ಕಂಡು, "ಸಮ್‌ಬಡಿ ಹ್ಯಾಡ್ ಟು ಈಟ್ ಇಟ್, ಅಪ್ಪಾ," ಎಂದಳು.

ಆದರೂ ಅವ್ವ ಹೋದಳೆಂದು ಊರಿಗೆ ಹೇಳಲು ಅವನಿಗೆ ಕೂಡಲೇ ಆಗಲಿಲ್ಲ. ಇವತ್ತು ಬೇಡ, ಅಕ್ಕನ ಗಂಡನಿಗೆ ಹುಷಾರಿಲ್ಲ ಎಂದ. ಈ ವಾರ ಬೇಡ, ಮಾವ ಆಸ್ಪತ್ರೆಯಲ್ಲಿದ್ದಾನೆ ಎಂದ. ಯುಗಾದಿಯ ಮುಂದೆ ಇಂಥ ಸುದ್ದಿ ಬೇಡ ಎಂದ. ಯುಗಾದಿಯ ದಿನ ದಾನವ್ವ, ಅವ್ವನಿಗೆ ಹೊಸ ಸೀರೆ ಉಡಿಸಿದಿರಾ ಎಂದು ಕೇಳಿದಳು. ಹಸಿರು ಇಳಕಲ್ ಉಟ್ಟಿದ್ದಾಳೆ ಎಂದ. ಫೋನು ಇಟ್ಟು ತಲೆಯೆತ್ತಿದಾಗ ದ್ರಾಕ್ಷಾಯಿಣಿ ಬೇವು ಬೆಲ್ಲದ ಬಟ್ಟಲು ಹಿಡಿದು ಎದುರಿಗೆ ನಿಂತಿದ್ದಳು. ಬಟ್ಟಲನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೊರಟುಹೋದಳು.

ಆ ವಾರದ ಭಾನುವಾರ ಬೆಳಿಗ್ಗೆ ಅವನು ತಾನಾಗಿಯೇ ಅಕ್ಕನಿಗೆ ಫೋನು ಮಾಡಿದ. ಹೊರಗೆ ಹಿತ್ತಲಿನ ಮೂಲೆಯಲ್ಲಿ ಕೊನೆಯ ಹಿಮ ಮಣ್ಣು ಮೆತ್ತಿಕೊಂಡು ಕರಗುತ್ತಿತ್ತು.

"ಅಕ್ಕಾ," ಎಂದ, "ಅವ್ವ ಹೋದ್ಲು."

"ಯಾವಾಗ?"

"ನಸಿಕಿನ್ಯಾಗ. ಮಲಕೊಂಡಾಗ. ತ್ರಾಸ ಆಗ್ಲಿಲ್ಲ."

"ನೀ ಹಂತ್ಯಾಕ ಇದ್ದೇನು?"

ಬಸವೇಶ ಕಣ್ಣು ಮುಚ್ಚಿದ. "ಇದ್ದೆ," ಎಂದ. "ಕೈ ಹಿಡಕೊಂಡಿದ್ದೆ."

ಆಗ ದಾನವ್ವ ಅತ್ತಳು. ಅದು ಓಣಿಗೆ ಕೇಳಿಸಲೆಂದು ತೆಗೆದ ದನಿಯಲ್ಲ. ಹೊಟ್ಟೆಯ ಆಳದಿಂದ ಬಂತು, ನಡುನಡುವೆ ಉಸಿರು ಸಿಗದೆ ಕಡಿಯಿತು. ಫೋನು ಕೆಳಗೆ ಬಿದ್ದ ಸದ್ದಾಯಿತು. ಬಾಗಿಲು ತೆರೆದುದು, ಏನಾಯ್ತು ದಾನವ್ವಾ ಎಂದು ಹೆಂಗಸರು ಓಡಿಬಂದುದು, ಒಳಕೋಣೆಯಿಂದ ಅವಳ ಗಂಡ ತೊದಲುತ್ತ ಕೂಗಿದ್ದು ಎಲ್ಲ ಅವನಿಗೆ ಕೇಳಿಸಿತು. ಯಾರೂ ಫೋನು ಎತ್ತಲಿಲ್ಲ. ಅವನೂ ಇಡಲಿಲ್ಲ. ಅಷ್ಟು ದೂರದ ಆ ಅಳುವನ್ನು ಕಿವಿಗೆ ಒತ್ತಿಕೊಂಡು, ಚಾರ್ಜು ಮುಗಿಯುವತನಕ ಅಡುಗೆಮನೆಯಲ್ಲಿ ನಿಂತೇ ಇದ್ದ.

ಊರಿನವರು ಒಳ್ಳೆಯ ಮಾತಾಡಿದರು. ಮಗನ ಮನೆಯಲ್ಲಿ, ಮಗನ ಕೈ ಹಿಡಿದು, ಮಲಗಿದಲ್ಲೇ ಹೋದಳು, ಇಂಥ ಸಾವು ಎಷ್ಟು ಜನಕ್ಕೆ ಬರುತ್ತದೆ, ಪುಣ್ಯವಂತೆ ಎಂದರು. ಸಿದ್ದಲಿಂಗಪ್ಪ ಆಸ್ಪತ್ರೆಯಿಂದ ನೇರ ನವಲಗುಂದಕ್ಕೆ ಬಂದು, ಅಕ್ಕ ಹಿಮವನ್ನು ಅರಳೆ ಎಂದಿದ್ದನ್ನು ಎಲ್ಲರಿಗೂ ಹೇಳಿ ಅತ್ತನಂತೆ. ದಾನವ್ವ ಮಠದ ಅಯ್ಯಗಳನ್ನು ಕರೆಸಿ ಪ್ರಸಾದ ಮಾಡಿಸಿದಳು. ಹಾರ ಹಾಕಿದ ಫೋಟೋದ ಚಿತ್ರವೊಂದನ್ನು ಯಾರೋ ಬಸವೇಶನಿಗೆ ಕಳಿಸಿದರು. ಅದರ ಕೆಳಗೆ ಹುಟ್ಟಿದ ವರ್ಷ, ಲಿಂಗೈಕ್ಯರಾದ ದಿನ, ಸ್ಕಾರ್‌ಬರೋ, ಕೆನಡಾ ಎಂದು ಬರೆಸಿದ್ದರು.

ಇಲ್ಲಿ ಬಸವೇಶನ ಮನೆಯಲ್ಲಿ ಆ ದಿನಕ್ಕೆ ಯಾವ ಕ್ರಿಯೆಯೂ ಇರಲಿಲ್ಲ. ಸೋಮವಾರ ಅವನು ಶಿಫ್ಟಿಗೆ ಹೋದ. ಒಂದೇ ತಾಯಿ ಎರಡು ಸಲ ಸತ್ತಳೆಂದು ರಜೆ ಕೇಳುವುದು ಹೇಗೆ? ಅರುಂಧತಿಯವರು ಮೇ ತಿಂಗಳಲ್ಲಿ ಬಿಸಿಲು ಬಂದ ಮೇಲೆ ಹೇಳಿದಂತೆಯೇ ನೋಡಲು ಬರುತ್ತೇನೆಂದು ಫೋನು ಮಾಡಿದರು. ದ್ರಾಕ್ಷಾಯಿಣಿ ಎತ್ತಿ, ಅತ್ತೆ ತೀರಿಕೊಂಡರು ಎಂದಳು. ಯಾವಾಗ, ಎಲ್ಲಿ ಎಂದು ಅವರು ಕೇಳಿದ್ದಕ್ಕೆ ಅವಳು ನಿಜವನ್ನೇ ಹೇಳಿದಳು. ಆಮೇಲೆ ವಿಟ್ಬಿಯಿಂದ ಅವರಿಗೆ ಕರೆ ಬರಲಿಲ್ಲ. ಕೋಣೆಯ ಬಾಗಿಲು ತೆರೆಯಿತು. ಕಂಪ್ಯೂಟರಿನ ಮೇಜು ಬೇಸ್‌ಮೆಂಟಿನಿಂದ ಮೇಲೆ ಬಂತು. ಹೆಂಡತಿ ಮೊದಲಿನ ಹಾಗೇ ಅಡುಗೆ ಮಾಡುತ್ತಿದ್ದಳು, ಮಾತಾಡುತ್ತಿದ್ದಳು. ಆದರೆ ಗೋದಾಮಿನಲ್ಲಿ ಯಾಕೆ ತಡವಾಯಿತು ಎಂಬಂಥ ಸಣ್ಣ ವಿಷಯಕ್ಕೂ ಅವನು ಹೇಳಿದ್ದನ್ನು ಒಂದು ಗಳಿಗೆ ತೂಗಿ ನೋಡಿ ಆಮೇಲೆ ನಂಬುತ್ತಿದ್ದಳು. ಅದು ಅವನಿಗೆ ತಿಳಿಯುತ್ತಿತ್ತು.

ದಾನವ್ವ ಫೋನು ಮಾಡುವುದನ್ನು ನಿಲ್ಲಿಸಿದಳು. ಜಗಳವೇನೂ ಆಗಿರಲಿಲ್ಲ. ಇವನು ಮಾಡಿದರೆ ಎತ್ತುತ್ತಿದ್ದಳು. ಆರಾಮ ಇದ್ದೀಯಾ, ಇದ್ದೀನಿ. ಭಾವ? ಹಾಂಗ ಅದಾರ. ಅಷ್ಟಕ್ಕೆ ಮಾತು ತೀರಿಹೋಗುತ್ತಿತ್ತು. ಕೇಳಲು ಅವಳಿಗೂ ಹೇಳಲು ಅವನಿಗೂ ಏನೂ ಉಳಿದಿರಲಿಲ್ಲ.

ಮರುವರ್ಷ ಜನವರಿಯ ಒಂದು ಬೆಳಿಗ್ಗೆ, ಬಸವೇಶ ಕೆಲಸಕ್ಕೆ ಹೊರಡುವ ಮುನ್ನ ಚಹಾ ಕುಡಿಯುತ್ತಿದ್ದಾಗ, ಅವಳೇ ಮಾಡಿದಳು.

"ಇವತ್ತ ಬನದ ಹುಣ್ಣಿವಿ," ಎಂದಳು. "ಅವ್ವ ಹೋಗಿ ವರ್ಷಾತು."

ಊರಿನ ಲೆಕ್ಕದಲ್ಲಿ ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ತೈಪೂಸಂ ಬಿದ್ದಿದ್ದ ಆ ನಿಜವಾದ ಹುಣ್ಣಿಮೆಯ ದಿನವನ್ನು ಅಕ್ಕ ಒಳಗೇ ಇಟ್ಟುಕೊಂಡಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ಹೌದಕ್ಕಾ ಎಂದ. ಇಲ್ಲಿ ಯಾರ ಮುಂದೂ ದೀಪ ಹಚ್ಚುವ ಹಾಗಿಲ್ಲ, ಹೊಲಕ್ಕೆ ಹೋಗಿ ಅಪ್ಪನ ಗದ್ದುಗೆಯ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದೆ ಎಂದಳು ದಾನವ್ವ. ಆಮೇಲೆ ಕೇಳಿದಳು.

"ಅಲ್ಲಿ ಗಿಡ ಐತೇನೋ, ಬಸು? ಅವ್ವನ್ನ ಇಟ್ಟಲ್ಲಿ. ನೆಳ್ಳು ಐತೇನು?"

ಬಸವೇಶ ನೆನಪು ಮಾಡಿಕೊಳ್ಳಲು ನೋಡಿದ. ಗುಂಡಿಯ ಅಂಚಿನ ಕೆಂಪು ಮಣ್ಣು ನೆನಪಿತ್ತು. ಅಗೆಯುವವನ ರಬ್ಬರಿನ ಬೂಟುಗಳು ನೆನಪಿದ್ದವು. ಬೆವರು ಕಣ್ಣಿಗಿಳಿದು ಉರಿದದ್ದು, ಗೋಡೆಯಾಚೆ ಲಾರಿಗಳು ಓಡುತ್ತಿದ್ದ ಸದ್ದು, ವಿಮಾನಕ್ಕೆ ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿಕೊಂಡದ್ದು ನೆನಪಿತ್ತು. ಗಿಡ ನೆನಪಿರಲಿಲ್ಲ. ಐತಿ ಎನ್ನುವುದಕ್ಕೆ ನಾಲಿಗೆ ಸಿದ್ಧವಾಗಿತ್ತು. ದೊಡ್ಡದು, ಬೇವಿನದು, ಗಾಳಿಗೆ ಎಲೆ ಉದುರಿ ಅವಳ ಮೇಲೆ ಬೀಳುತ್ತವೆ. ಹಾಗೆಂದಿದ್ದರೆ ಅಕ್ಕ ಕೇಳಿಕೊಂಡು ಸಮಾಧಾನವಾಗಿ ಮಲಗುತ್ತಿದ್ದಳು.

"ಗೊತ್ತಿಲ್ಲಕ್ಕಾ," ಎಂದ. "ನಾ ತಲಿ ಎತ್ತಿ ನೋಡ್ಲಿಲ್ಲ."

ದಾನವ್ವ ಬೈಯಲಿಲ್ಲ. ಅಳಲೂ ಇಲ್ಲ. ಅವಳು ಫೋನು ಇಟ್ಟಳೇನೋ ಎಂದು ಅವನು ಪರದೆ ನೋಡಿದ. ಇಟ್ಟಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಅವಳ ಗಂಡ ಕರೆದ.

"ಅವರ ಮಗ್ಗಲಾ ಬದಲಿಸಬೇಕು," ಎಂದಳು. "ಇಡ್ತೀನಿ."

ಬಸವೇಶ ಚಹಾದ ಲೋಟ ತೊಳೆದಿಟ್ಟು, ಜಾಕೆಟ್ಟು ಹಾಕಿಕೊಂಡು ಹೊರಗೆ ಬಂದ. ರಾತ್ರಿ ಬಿದ್ದ ಹಿಮ ಗಾಡಿಯ ಗಾಜಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಬೋಲ್ಟನ್ನಿಗೆ ದಾರಿ ಉದ್ದ. ಅವನು ಗಾಜು ಕೆರೆಯತೊಡಗಿದ.